ಮೂರಕ್ಷರದ ‘ದ’

ಗದಗ-ಬೆಟಗೇರಿಯಲ್ಲಿ ಒಂದನೆಯ ತರಗತಿ ಓದುವ ನನ್ನ ಮಗಳು ಇಂಗ್ಲಿಷಿನ ‘ದ’ (the) ಎಂಬ ಪದ ಕಂಡಾಗಲೆಲ್ಲ ‘ಟ್‌-ಹೆ’ ಎಂದು ಬಿಡಿಸಿ ಓದುತ್ತಿದ್ದಳು. ತಪ್ಪು ಅವಳದಲ್ಲ. ಕನ್ನಡವನ್ನು ಬರೆದಂತೆಯೇ ಓದಿ ರೂಢಿಯಾದ ಮಗು ಅದು. ಟಿ, ಎಚ್ ಜೊತೆಯಾದರೆ ನಮ್ಮ ‘ದ’ಕಾರಕ್ಕೆ ಹತ್ತಿರದ ಸದ್ದು ಬರುತ್ತದೆಂದು ಹೇಗೆ ಊಹಿಸೀತು? ಅರ್ಥ ಹೇಳೋಣವೆಂದರೆ ಕನ್ನಡದಲ್ಲಿ ಅದಕ್ಕೆ ಸಮನಾದ ಪದವೇ ಇಲ್ಲ.

ಇಂಗ್ಲಿಷ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳದೆಂದು ಅಮೆರಿಕದ ಶಿಕ್ಷಣತಜ್ಞ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ 220 ಪದಗಳ ಪಟ್ಟಿಯಿಂದ ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿಸಿದೆ. ಸಂಜೆಗೆ ಒಂದೂ ಉಳಿಯುತ್ತಿರಲಿಲ್ಲ. ಕಡೆಗೆ ಪದಗಳ ಚೀಟಿಗಳನ್ನೆಲ್ಲ ಎತ್ತಿಟ್ಟು, ವಾರವಿಡೀ ‘ದ’ ಒಂದನ್ನೇ ಹಿಡಿದೆ. ಸ್ಟೀಲ್ ತಾಟಿನಲ್ಲಿ ರವೆ ಹರಡಿ ಬೆರಳಿನಿಂದ ಬರೆಯಬೇಕು, ಮೂರಕ್ಷರಕ್ಕೂ ಸೇರಿ ಒಮ್ಮೆ ಮಾತ್ರ ‘ದ’ ಎನ್ನಬೇಕು. ಬಿಡಿಯಾಗಿ ಕೇಳಲಿಲ್ಲ, ‘ದ ಕ್ಯಾಟ್’, ‘ದ ಸನ್’ ಎಂದು ಜೋಡಿಯಾಗಿಯೇ ಓದಿಸಿದೆ. ಆಮೇಲೆ ಕಥೆ ಪುಸ್ತಕ, ಕೆಂಪು ಪೆನ್ಸಿಲ್: ಕಂಡಲ್ಲೆಲ್ಲ ಸುತ್ತು ಹಾಕು ಎಂದೆ.

ನಾಲ್ಕನೆಯ ದಿನ ‘ಮದರ್’ ಪದದ ನಡುವೆ ಅಡಗಿದ್ದ ಅದೇ ಮೂರಕ್ಷರಕ್ಕೂ ಸುತ್ತು ಹಾಕಿ, ‘ಅವ್ವಾ, ಇಲ್ಲೂ ಇದೆ!’ ಎಂದಳು. ತಿದ್ದಲು ಮನಸ್ಸಾಗಲಿಲ್ಲ. ಈಗ ಪುಟದಲ್ಲಿ ಆ ಪದ ಎಲ್ಲೇ ಬಂದರೂ ಅವಳ ಬೆರಳು ತಡೆಯದೆ ಮುಂದಕ್ಕೆ ಹೋಗುತ್ತದೆ.