ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಮನೆಯಲ್ಲೇ ಪಾಠ: ಪುಸ್ತಕಗಳನ್ನು ಆರಿಸುವ, ಜೋಡಿಸುವ ಬಗೆ

ಪುಣೆ, ಮುಂಬಯಿಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ನಿರ್ಧರಿಸುವ ಕನ್ನಡ ಕುಟುಂಬಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ, ಒಂದೊಂದು ಮಗುವಿಗೂ ಅದರ ವಯಸ್ಸಿಗೆ ಸರಿಹೋಗುವ ತರಗತಿಯ ಪೂರ್ತಿ ಸೆಟ್ಟನ್ನು ಕೊಂಡು ತರುವುದು. ಆರು, ಒಂಬತ್ತು, ಹನ್ನೆರಡು ವರ್ಷದ ಮೂವರು ಮಕ್ಕಳಿರುವ ಮನೆಗೆ ಹೀಗೆ ಒಂದು, ನಾಲ್ಕು ಮತ್ತು ಏಳನೆಯ ತರಗತಿಯ ಅಷ್ಟೂ ಪುಸ್ತಕಗಳು ಬರುತ್ತವೆ. ಕಲಿಸುವವರು ಮಾತ್ರ ಒಬ್ಬರೇ, ಹೆಚ್ಚೆಂದರೆ ಇಬ್ಬರು. ಮೂರು ತರಗತಿಗಳ ಪರಿಸರ ಅಧ್ಯಯನ, ಇತಿಹಾಸ, ವಿಜ್ಞಾನಗಳನ್ನು ಬೇರೆಬೇರೆಯಾಗಿ ಒಪ್ಪಿಸಿಕೊಳ್ಳುತ್ತ ಹೋದರೆ ದಸರಾ ಹೊತ್ತಿಗೆ ಕಲಿಸುವವರೂ ಮಕ್ಕಳೂ ಸುಸ್ತಾಗಿರುತ್ತಾರೆ, ಮತ್ತು ಮೊದಲು ಕೈಬಿಟ್ಟುಹೋಗುವ ವಿಷಯ ಹೆಚ್ಚಾಗಿ ಕನ್ನಡವೇ ಆಗಿರುತ್ತದೆ. ಆದ್ದರಿಂದ ಪುಸ್ತಕಗಳನ್ನು ತರಗತಿಯ ಲೆಕ್ಕದಲ್ಲಿ ಆರಿಸದೆ, ವಿಷಯದ ಸ್ವಭಾವವನ್ನು ನೋಡಿ ಆರಿಸಬೇಕೆಂಬುದು ಈ ಬರಹದ ಸಲಹೆ.

ಕಲಿಯುವ ವಿಷಯಗಳಲ್ಲಿ ಎರಡು ಬಗೆ. ಗಣಿತ ಮತ್ತು ಒಂದೊಂದು ಭಾಷೆಯ ಓದು-ಬರಹ ಮೊದಲ ಬಗೆಗೆ ಸೇರುತ್ತವೆ: ಇಲ್ಲಿ ಹಿಂದಿನದು ಗಟ್ಟಿಯಾಗದೆ ಮುಂದಿನದು ಬರುವುದಿಲ್ಲ, ಹಾಗಾಗಿ ಪ್ರತಿ ಮಗುವೂ ತನ್ನ ಮಟ್ಟದಲ್ಲಿ, ತನ್ನದೇ ಪುಸ್ತಕದಿಂದ ಕಲಿಯಬೇಕು. ವಿಜ್ಞಾನ, ಇತಿಹಾಸ, ಭೂಗೋಳ, ಕಥೆ, ಚಿತ್ರಕಲೆ ಎರಡನೆಯ ಬಗೆಯವು. ಮಣ್ಣಿನ ವಿಷಯವನ್ನು ಮಳೆಗಿಂತ ಮೊದಲೇ ಕಲಿತರೂ ಆಮೇಲೆ ಕಲಿತರೂ ಏನೂ ಕೆಡುವುದಿಲ್ಲ. ಇವುಗಳನ್ನು ಮೂವರಿಗೂ ಒಟ್ಟಿಗೆ ಕಲಿಸಿ, ಅವರಿಂದ ಮಾಡಿಸುವ ಕೆಲಸವನ್ನು ಮಾತ್ರ ವಯಸ್ಸಿಗೆ ತಕ್ಕಂತೆ ಬದಲಿಸಬಹುದು. ಇದು ಹೊಸ ಪ್ರಯೋಗವೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ ಮುಂದೆ ಕರ್ನಾಟಕದುದ್ದಕ್ಕೂ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರತಿಯೊಬ್ಬರೂ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲಿನ ಕಾರ್ಡನ್ನು ಹಿಡಿದು ಕೆಲಸ ಮಾಡುತ್ತಾರೆ, ಹಾಡು-ಕಥೆಗಳಿಗೆ ಎಲ್ಲರೂ ಒಟ್ಟಾಗುತ್ತಾರೆ. ಹಲವು ವಯಸ್ಸಿನ ಮಕ್ಕಳಿರುವ ಮನೆಗೆ ಇದಕ್ಕಿಂತ ಹತ್ತಿರದ ಮಾದರಿ ಸಿಗಲಾರದು.

ಗಣಿತದಲ್ಲಿ ಒಂದು ಮಗುವಿಗೆ ಒಂದೇ ಮುಖ್ಯ ಪುಸ್ತಕವಿರಲಿ. ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಸಂಸ್ಥೆಯದೋ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯದೋ ಯಾವುದಾದರೂ ಆಗಬಹುದು, ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಎರಡರಿಂದಲೂ ಅಧ್ಯಾಯಗಳನ್ನು ಹೆಕ್ಕಿ ಜೋಡಿಸುವುದು ಬೇಡ. ಒಂದೊಂದು ಪುಸ್ತಕವೂ ಭಿನ್ನರಾಶಿಯನ್ನು, ಭಾಗಾಕಾರವನ್ನು ತನ್ನದೇ ಅನುಕ್ರಮದಲ್ಲಿ ತರುವುದರಿಂದ, ನಡುವೆ ಪುಸ್ತಕ ಬದಲಿಸಿದ ಮಗುವಿಗೆ ಕೆಲವು ವಿಷಯ ಎರಡು ಸಲ ಬಂದು ಕೆಲವು ಬಿಟ್ಟೇಹೋಗುತ್ತವೆ. ಮುಖ್ಯ ಪುಸ್ತಕ ನಿಗದಿಯಾದ ಮೇಲೆ ಹೆಚ್ಚಿನ ಲೆಕ್ಕಗಳಿಗಾಗಿ ಇನ್ನೊಂದನ್ನು ಬಳಸುವುದರಲ್ಲಿ ತೊಂದರೆಯಿಲ್ಲ.

ಯಾವ ತರಗತಿಯ ಪುಸ್ತಕದಿಂದ ಆರಂಭಿಸಬೇಕೆಂಬುದನ್ನು ವಯಸ್ಸು ಹೇಳುವುದಿಲ್ಲ, ಮಗು ಮಾಡುವ ತಪ್ಪು ಹೇಳುತ್ತದೆ. ಒಂಬತ್ತು ವರ್ಷದ ಮಗುವಿಗೆ 52ರಲ್ಲಿ 27 ಕಳೆಯಲು ಕೊಡಿ. 24 ಎಂದು ಬರೆದರೆ ಬಹುಶಃ ಎಣಿಸುವಾಗ ಎಡವಿದೆ ಅಷ್ಟೆ; ಸ್ವಲ್ಪ ಅಭ್ಯಾಸ ಸಾಕು. 35 ಎಂದು ಬರೆದರೆ ವಿಷಯ ಬೇರೆ: ಬಿಡಿಸ್ಥಾನದಲ್ಲಿ ಎರಡರಿಂದ ಏಳನ್ನು ಕಳೆಯಲಾಗದೆ, ಏಳರಿಂದ ಎರಡನ್ನು ಕಳೆದು ಐದು ಬರೆದಿದೆ. ಈ ಮಗುವಿಗೆ ಕಳೆಯುವ ಲೆಕ್ಕಗಳನ್ನು ಇನ್ನೂ ಇಪ್ಪತ್ತು ಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಅದಕ್ಕೆ ಅರ್ಥವಾಗದಿರುವುದು ಸ್ಥಾನಬೆಲೆ. ನಾಲ್ಕನೆಯ ತರಗತಿಯ ಪುಸ್ತಕವನ್ನು ಮುಚ್ಚಿಟ್ಟು, ಎರಡನೆಯ ತರಗತಿಯ ಹತ್ತು-ಬಿಡಿಗಳ ಅಧ್ಯಾಯಕ್ಕೆ ಹಿಂದಿರುಗಿ, ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿಸಿ, ಒಂದು ಕಟ್ಟನ್ನು ಬಿಚ್ಚಿಯೇ ಏಳು ಕಡ್ಡಿ ತೆಗೆಯುವುದನ್ನು ಮಗು ತನ್ನ ಕೈಯಿಂದಲೇ ಮಾಡುವಂತೆ ನೋಡಿಕೊಳ್ಳಬೇಕು. ಇದರಲ್ಲಿ ಅವಮಾನವೇನೂ ಇಲ್ಲ, ಸಮಯವೂ ನಷ್ಟವಾಗುವುದಿಲ್ಲ. ಹತ್ತು ಹತ್ತು ಮಣಿಗಳಿಗೊಮ್ಮೆ ಬಣ್ಣ ಬದಲಾಗುವ ನೂರು ಮಣಿಗಳ ಗಣಿತಮಾಲೆಯೊಂದನ್ನು ಮನೆಯಲ್ಲೇ ಪೋಣಿಸಿಟ್ಟುಕೊಂಡರೆ ಆರು ವರ್ಷದ ಮಗುವಿನ ಎಣಿಕೆಗೂ ಒಂಬತ್ತು ವರ್ಷದ ಮಗುವಿನ ಮಗ್ಗಿಗೂ ಅದೇ ಸಾಕಾಗುತ್ತದೆ. ಹತ್ತು-ಬಿಡಿಗಳ ಪಾಠವನ್ನು ಕನ್ನಡದಲ್ಲೇ ಮಾಡುವುದು ಸುಲಭ, ಏಕೆಂದರೆ ನಲವತ್ಮೂರು ಎಂದಾಗ ನಲವತ್ತೂ ಮೂರೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ; ಮರಾಠಿಯ ಎಣಿಕೆಯನ್ನು ಆಮೇಲೆ ಬಾಯಿಪಾಠ ಮಾಡಿಸಬಹುದು.

ಕನ್ನಡದ ಪುಸ್ತಕಗಳಿಗಾಗಿ ಬೆಂಗಳೂರಿನವರೆಗೆ ಹೋಗಬೇಕೆಂದು ತಿಳಿದವರು ಹಲವರಿದ್ದಾರೆ. 1967ರಲ್ಲಿ ಸ್ಥಾಪನೆಯಾದ, ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಬಾಲಭಾರತಿ ಸಂಸ್ಥೆಯೇ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಹೊರತರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳ ಮಕ್ಕಳು ಓದುವುದು ಇವನ್ನೇ. ಈ ಪುಸ್ತಕಗಳ ದೊಡ್ಡ ಅನುಕೂಲವೆಂದರೆ, ಅವುಗಳಲ್ಲಿನ ಊರು, ನದಿ, ಹಬ್ಬಗಳು ಮಹಾರಾಷ್ಟ್ರದಲ್ಲಿ ಬೆಳೆಯುವ ಮಗುವಿಗೆ ಪರಿಚಿತವಾದವು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಅಂತರ್ಜಾಲದಲ್ಲಿ ಲಭ್ಯ, ಆದರೆ ಅವುಗಳ ಪ್ರಥಮ ಭಾಷೆಯ ಪಾಠಗಳು ಮಗುವಿನ ಸುತ್ತಲೂ ಕನ್ನಡವೇ ಇದೆಯೆಂದು ಭಾವಿಸಿ ಬರೆದಂಥವು. ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಮಗುವಿಗೆ ಒಂದೆರಡು ತರಗತಿ ಕೆಳಗಿನ ಪುಸ್ತಕದಿಂದ ಆರಂಭಿಸುವುದೇ ಸರಿ.

ಅಕ್ಷರ ಕಲಿಸಲು ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮಕ್ಕಿಂತ ನಲಿ-ಕಲಿಯ ‘ರ ಗ ಸ ದ ಅ’ ಎಂಬ ಕ್ರಮ ಹೆಚ್ಚು ಉಪಯುಕ್ತ. ಬರೆಯಲು ಸರಳವಾದ ಈ ಐದೇ ಅಕ್ಷರಗಳಿಂದ ಮಗು ಅರಸ, ಸರ, ದರ, ಗರಗಸ ಎಂದು ಮೊದಲ ವಾರದಲ್ಲೇ ಅರ್ಥವುಳ್ಳ ಪದಗಳನ್ನು ಓದುತ್ತದೆ, ಓದು ಎಂದರೇನೆಂಬುದು ಅದಕ್ಕೆ ಹೊಳೆಯುತ್ತದೆ. ಕಾಗುಣಿತ ಮುಗಿದು ಒತ್ತಕ್ಷರಗಳು ಸಲೀಸಾಗುವವರೆಗೆ ದೇವನಾಗರಿಯನ್ನು ಆರಂಭಿಸದಿರುವುದು ಒಳ್ಳೆಯದು; ಎರಡು ಲಿಪಿಗಳನ್ನು ಒಟ್ಟಿಗೆ ಹಿಡಿದರೆ ಮಗು ಎರಡರಲ್ಲೂ ತಡವರಿಸುತ್ತದೆ, ಒಂದರ ನಂತರ ಒಂದನ್ನು ಹಿಡಿದರೆ ಎರಡನೆಯದು ಬೇಗನೆ ಬರುತ್ತದೆ. ಆ ಮೇಲೆ ಕಲಿಯುವ ದೇವನಾಗರಿ ಮರಾಠಿ, ಹಿಂದಿಗಳೆರಡಕ್ಕೂ ಒದಗುತ್ತದೆ. ಓದಿನ ಅಭ್ಯಾಸಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ ಕಥೆಗಳು ಉಚಿತವಾಗಿವೆ, ಹಲವು ಕಥೆಗಳು ಕನ್ನಡದಲ್ಲೂ ಮರಾಠಿಯಲ್ಲೂ ಇವೆ. ಮೊದಲ ಮಟ್ಟದ ಕಥೆಯನ್ನು ಹನ್ನೆರಡು ವರ್ಷದವನಿಗೆ ಓದಲು ಕೊಟ್ಟರೆ ಅವನಿಗೆ ಬೇಸರವಾಗುವುದು ಸಹಜ. ತಂಗಿಗೆ ಓದಿ ಹೇಳಪ್ಪಾ ಎಂದು ಕೊಟ್ಟರೆ ಅವನ ಓದೂ ಸುಧಾರಿಸುತ್ತದೆ, ಕಲಿಸುವವರಿಗೆ ಅರ್ಧ ಗಂಟೆ ಬಿಡುವೂ ಸಿಗುತ್ತದೆ.

ಒಟ್ಟಿಗೆ ಕಲಿಸುವ ವಿಷಯಗಳಿಗೆ ಮೂರು ಪಠ್ಯಪುಸ್ತಕಗಳ ಬದಲು ಒಂದು ವಸ್ತುವನ್ನು ಆರಿಸಿಕೊಂಡು ಕೆಲವು ವಾರ ಅದರಲ್ಲೇ ಉಳಿಯಬೇಕು. ಜೂನ್-ಜುಲೈ ತಿಂಗಳಿಗೆ ಮಳೆಗಿಂತ ಒಳ್ಳೆಯ ವಸ್ತುವಿಲ್ಲ. ಪಕ್ಕಗಳು ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಭಾಗವನ್ನು ಕತ್ತರಿಸಿ, ಅದನ್ನೇ ಆಲಿಕೆಯಂತೆ ಬೋರಲಾಗಿ ಕೂರಿಸಿ, ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು ಮತ್ತು ನೀರು ತುಂಬಿ, ಆ ನೀರಿನ ಮಟ್ಟವನ್ನೇ ಸೊನ್ನೆಯೆಂದು ಗುರುತಿಸಿ, ಹೊರಗೆ ಮಿಲಿಮೀಟರ್ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಸೊಸೈಟಿಯ ಟೆರೇಸಿನಲ್ಲಿ, ಗೋಡೆ ಮತ್ತು ನೀರಿನ ಟ್ಯಾಂಕಿನಿಂದ ದೂರ ಇಟ್ಟು, ಹವಾಮಾನ ಇಲಾಖೆಯವರಂತೆ ದಿನವೂ ಬೆಳಗಿನ 8.30ಕ್ಕೆ ನೋಡಿ, ನೀರನ್ನು ಮತ್ತೆ ಸೊನ್ನೆಯ ಮಟ್ಟಕ್ಕೆ ತರಬೇಕು. ಆರು ವರ್ಷದ ಮಗು ನೀರು ಎಲ್ಲಿಗೆ ಬಂದಿದೆಯೆಂದು ನೋಡಿ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಹೇಳಿ, ಚಿತ್ರ ಬರೆಯಲಿ. ಒಂಬತ್ತು ವರ್ಷದ್ದು ಮಿಲಿಮೀಟರ್ ಓದಿ ಕೋಷ್ಟಕದಲ್ಲಿ ತುಂಬಿಸಿ, ವಾರದ ಮೊತ್ತ ಕೂಡಲಿ. ಹನ್ನೆರಡು ವರ್ಷದ್ದು ಮಳೆಯ ಗ್ರಾಫ್ ಬಿಡಿಸಿ, ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು ಎಂಬುದನ್ನು ತಾನೇ ಲೆಕ್ಕ ಹಾಕಿ ಕಂಡುಕೊಂಡು, 200 ಚದರ ಮೀಟರಿನ ಟೆರೇಸಿಗೆ 20 ಮಿಲಿಮೀಟರ್ ಮಳೆ ಬಂದರೆ 4000 ಲೀಟರ್ ಆಗುತ್ತದೆಂದು ತೋರಿಸಲಿ. ಸಹ್ಯಾದ್ರಿಯ ಅಂಚಿನ ಲೋನಾವಳಕ್ಕೆ ಸುರಿಯುವಷ್ಟು ಮಳೆ ಪುಣೆಗೆ ಏಕಿಲ್ಲ ಎಂಬ ಪ್ರಶ್ನೆಯಿಂದ ಮಳೆಯ ನೆರಳಿನ, ಅಂದರೆ ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವ ಪ್ರದೇಶದ, ಭೂಗೋಳ ಆರಂಭವಾಗುತ್ತದೆ. ಆಗುಂಬೆಗೂ ಶಿವಮೊಗ್ಗಕ್ಕೂ ಇರುವ ವ್ಯತ್ಯಾಸಕ್ಕೆ ಅದೇ ಕಾರಣ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದ ಸಂಗತಿಯನ್ನು ಓದುವಾಗ, ಅದನ್ನು ಕಂಡ ಹಿರಿಯರು ನೆರೆಯಲ್ಲಿದ್ದರೆ ಅವರ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ.

ಈ ಬಗೆಯ ಕೆಲಸಕ್ಕೆ ಆಧಾರವಾಗಿ ಮುಂಬಯಿಯ ಮಾನಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸ್ಮಾಲ್ ಸೈನ್ಸ್ ಮಾಲೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಪ್ರಾಥಮಿಕ ತರಗತಿಗಳಿಗಾಗಿ ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿರುವ ಈ ಪುಸ್ತಕಗಳು ಉತ್ತರ ಹೇಳುವುದಕ್ಕಿಂತ ನೋಡಲು, ಮಾಡಲು, ಪ್ರಶ್ನಿಸಲು ಹಚ್ಚುತ್ತವೆ. ಕಲಿಸುವವರಿಗೆಂದೇ ಬೇರೆ ಪುಸ್ತಕಗಳೂ ಇವೆ. ಚಟುವಟಿಕೆಯನ್ನು ಪುಸ್ತಕದಿಂದ ಓದಿಕೊಂಡು, ಮಕ್ಕಳ ಜೊತೆಗಿನ ಮಾತನ್ನು ಕನ್ನಡದಲ್ಲೇ ಆಡಿ, ಅವರು ಬರೆಯುವುದನ್ನೂ ಕನ್ನಡದಲ್ಲೇ ಬರೆಯಿಸಿದರೆ ಭಾಷೆಗೆಂದು ಬೇರೆ ಸಮಯ ಹುಡುಕಬೇಕಾದ ಕಷ್ಟ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಇತಿಹಾಸದಲ್ಲೂ ಎರಡು ರಾಜ್ಯಗಳ ಪುಸ್ತಕಗಳನ್ನು ಜೊತೆಗಿಟ್ಟು ಓದಿಸಬಹುದು. ಮಹಾರಾಷ್ಟ್ರದಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಶಿವಾಜಿ ಮಹಾರಾಜರ ಚರಿತ್ರೆಯನ್ನು ಓದುತ್ತ ಬಂದಿದ್ದಾರೆ. ಅದನ್ನು ಓದುವಾಗ, ಅವರ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿದ್ದುದನ್ನೂ ಶಹಾಜಿಯ ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿರುವುದನ್ನೂ ಭೂಪಟದಲ್ಲಿ ತೋರಿಸಿ. ವೇರೂಳಿನ (ಎಲ್ಲೋರದ) ಕೈಲಾಸ ದೇವಾಲಯವನ್ನು ಕೊರೆಯಿಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನಿಂದ ಆರಂಭಿಸಿದರೂ ಆಗುತ್ತದೆ.

ದಿನವನ್ನು ಜೋಡಿಸುವಾಗ, ಕಲಿಸುವವರ ಪಕ್ಕದಲ್ಲೇ ಕೂರಬೇಕಾದ ಕೆಲಸ ಒಂದು ಹೊತ್ತಿಗೆ ಒಬ್ಬ ಮಗುವಿಗೆ ಮಾತ್ರ ಇರುವಂತೆ ನೋಡಿಕೊಳ್ಳಿ. ಚಿಕ್ಕದರ ಅಕ್ಷರಾಭ್ಯಾಸದ ಹೊತ್ತಿನಲ್ಲಿ ದೊಡ್ಡವನು ಒಬ್ಬನೇ ಲೆಕ್ಕ ಮಾಡಲಿ, ನಡುವಿನದು ಕಾಪಿ ಬರೆಯಲಿ. ಆರು ವರ್ಷದ ಮಗುವಿಗೆ ಗಣಿತ ಇಪ್ಪತ್ತು ನಿಮಿಷ ಸಾಕು.

ಹನ್ನೆರಡು ದಾಟಿದ ಮಗುವಿನ ವಿಷಯದಲ್ಲಿ ಮಾತ್ರ ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ ಪುಸ್ತಕಗಳನ್ನು ಆರಿಸಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್, 14 ವರ್ಷ ತುಂಬಿದವರಿಗೆ ಹತ್ತನೆಯ ತರಗತಿಗೆ ಸಮನಾದ ಸೆಕೆಂಡರಿ ಪರೀಕ್ಷೆಗೆ ಪ್ರವೇಶ ಕೊಡುತ್ತದೆ; ಅದರ ಪ್ರಾದೇಶಿಕ ಕೇಂದ್ರವೊಂದು ಪುಣೆಯಲ್ಲಿದೆ. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ವರ್ಷಕ್ಕೆರಡು ಸಲ ಪರೀಕ್ಷೆ ನಡೆಯುತ್ತದೆ, ನೋಂದಣಿ ಐದು ವರ್ಷ ಊರ್ಜಿತವಿರುತ್ತದೆ, ಹಾಗಾಗಿ ಐದೂ ವಿಷಯಗಳನ್ನು ಒಂದೇ ಸಲ ಬರೆಯುವ ಒತ್ತಡವಿಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುವುದರಿಂದ, ಆರನೆಯ ವಯಸ್ಸಿನಿಂದ ಕಲಿತ ಕನ್ನಡ ಅಂಕಪಟ್ಟಿಯಲ್ಲೂ ಸೇರುತ್ತದೆ. ಹತ್ತನೆಯ ತರಗತಿಯ ಮಟ್ಟದ, ಕೇಂಬ್ರಿಜ್‌ನ ಐಜಿಸಿಎಸ್‌ಇ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲೂ ಅವಕಾಶವಿದೆ, ಖರ್ಚು ಮಾತ್ರ ಬಹಳ ಹೆಚ್ಚು. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯ್ದೆ ಮನೆಯಲ್ಲೇ ಕಲಿಸುವುದನ್ನು ಹೆಸರಿಸಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಆದಕಾರಣ ಪ್ರತಿ ಮಗುವಿನ ಬರಹ, ಲೆಕ್ಕ, ಚಿತ್ರ, ಓದಿದ ಪುಸ್ತಕಗಳ ಪಟ್ಟಿಯನ್ನು ತಾರೀಖಿನೊಂದಿಗೆ ಫೈಲಿನಲ್ಲಿ ಇಟ್ಟುಕೊಂಡು ಬನ್ನಿ. ಮುಂದೆ ಶಾಲೆಗೆ ಸೇರಿಸಬೇಕಾಗಿ ಬಂದರೂ ಅದೇ ಆಧಾರ.

ಕೊಳ್ಳುವ ವಿಷಯದಲ್ಲಿ ಆತುರ ಬೇಡ. ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆಯೆಂದು ಸಣ್ಣ ಮಕ್ಕಳಿಗೆ ಪರದೆಯ ಮೇಲೆ ಓದಿಸುವುದು ತರವಲ್ಲ. ಗಣಿತ ಮತ್ತು ಅಕ್ಷರದ ಪುಸ್ತಕಗಳನ್ನು ಮುದ್ರಿತ ರೂಪದಲ್ಲೇ ಕೊಂಡು, ವಿಜ್ಞಾನ-ಇತಿಹಾಸಗಳಿಗೆ ಬೇಕಾದ ಅಧ್ಯಾಯವನ್ನಷ್ಟೇ ಪ್ರಿಂಟ್ ತೆಗೆಸಿ. ಪುಣೆಯಲ್ಲಿ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಪಠ್ಯಪುಸ್ತಕಗಳು ಸಿಗುತ್ತವೆ, ಹಳೆಯ ಪ್ರತಿಗಳಿಗಾಗಿ ರದ್ದಿ ಅಂಗಡಿಯವರಿಗೂ ಒಂದು ಮಾತು ಹೇಳಿಡಬಹುದು. ಮುಂಬಯಿಯವರು ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಹಳೆಯ ಕನ್ನಡ ಸಂಸ್ಥೆಗಳಲ್ಲಿ ವಿಚಾರಿಸಿದರೆ ಮಕ್ಕಳ ಪುಸ್ತಕಗಳ ಸುಳಿವು ಸಿಕ್ಕೀತು. ಆರಂಭದಲ್ಲಿ ಪ್ರತಿ ಮಗುವಿಗೆ ಒಂದು ಗಣಿತದ ಪುಸ್ತಕ, ಒಂದು ಕನ್ನಡದ ಪುಸ್ತಕ, ಎಲ್ಲರಿಗೂ ಸೇರಿ ಒಂದು ವಿಜ್ಞಾನದ ಮಾಲೆ, ಒಂದು ದೊಡ್ಡ ಭೂಪಟ ಇಷ್ಟಿದ್ದರೆ ಪಾಠ ಆರಂಭಿಸಬಹುದು. ಮೂರು ತಿಂಗಳ ನಂತರ ಕೂತು ನೋಡಿ: ಯಾವ ಪುಸ್ತಕವನ್ನು ತೆರೆದಾಗಲೆಲ್ಲ ಮಗು ಅಳುತ್ತದೆಯೋ ಅದರ ಮಟ್ಟವನ್ನು ಮತ್ತೆ ಪರೀಕ್ಷಿಸಿ, ಯಾವುದನ್ನು ನೀವೇ ತೆರೆದಿಲ್ಲವೋ ಅದನ್ನು ಬೇಕಾದವರಿಗೆ ಕೊಟ್ಟುಬಿಡಿ, ಇಂಗ್ಲಿಷ್ ಓದಿನ ಪುಸ್ತಕವನ್ನು ಆಗ ಸೇರಿಸಿ.