ಹೊಸ ಕಟ್ಟಡದ ಬಗ್ಗೆ ಅಭಿಪ್ರಾಯ ಬರೆಯುವಾಗ ನಾನು ನೋಡುವುದು ಕೆಳಗಿನ 5 ಮೀಟರ್

ನಗರದ ನಡುಭಾಗದಲ್ಲಿ ಹೊಸ ಕಟ್ಟಡವೊಂದರ ಪ್ರಸ್ತಾವ ಬಂತೆಂದರೆ ಮಾತು ಶುರುವಾಗುವುದೇ ಅದರ ತಲೆಯಿಂದ. ಎತ್ತರ ಜಾಸ್ತಿಯಾಯಿತು, ಗಾಜಿನ ಡಬ್ಬಿಯ ಹಾಗಿದೆ, ಪಕ್ಕದ ಹಳೇ ಕಟ್ಟಡಕ್ಕೆ ಒಪ್ಪುವುದಿಲ್ಲ. ಇದನ್ನೇ ಆಕ್ಷೇಪಣೆಯಾಗಿ ಬರೆದುಕೊಟ್ಟರೆ ವಾಸ್ತುಶಿಲ್ಪಿ ಹೆಚ್ಚೆಂದರೆ ಗಾಜಿನ ಬಣ್ಣ ಬದಲಿಸಿಯಾನು. ಡ್ರಾಯಿಂಗಿನ ಗೆರೆಯನ್ನು ಸರಿಸುವ ಅಭಿಪ್ರಾಯದಲ್ಲಿ ಹಾಳೆಯ ನಂಬರ್ ಇರುತ್ತದೆ, ಅಳತೆ ಇರುತ್ತದೆ, ಏನು ಎಲ್ಲಿಗೆ ಹೋಗಬೇಕು ಎಂಬುದು ಇರುತ್ತದೆ. ನಾನು ಪ್ರಸ್ತಾವಗಳನ್ನು ಓದುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಬಣ್ಣದ ಚಿತ್ರಗಳನ್ನು ಮೊದಲು ಮಗುಚಿ ಇಡುತ್ತೇನೆ. ಅವು ಸುಳ್ಳು ಹೇಳುತ್ತವೆ ಅಂತಲ್ಲ, ತಮಗೆ ಬೇಕಾದ ಕಡೆ ನಿಂತು ನೋಡುತ್ತವೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಟ ಹಿಡಿಯುತ್ತದೆ, 20 ಮಿ.ಮೀ. ಲೆನ್ಸ್ 84 ಡಿಗ್ರಿ ಹಿಡಿಯುತ್ತದೆ. ಎರಡನೆಯದರಲ್ಲಿ ಇಕ್ಕಟ್ಟಾದ ಬೀದಿಯೂ ಮೈದಾನದ ಹಾಗೆ ಕಾಣುತ್ತದೆ. ಹಾಗಾಗಿ ಎದುರಿನ ಫುಟ್‌ಪಾತಿನಲ್ಲಿ 1.6 ಮೀಟರ್ ಕಣ್ಣಿನ ಎತ್ತರದಿಂದ, 50 ಮಿ.ಮೀ. ಲೆನ್ಸಿನ ನೋಟ ಕೊಡಿ ಎಂದು ಮೊದಲೇ ಕೇಳಿಬಿಡುತ್ತೇನೆ. ಚಿತ್ರದಲ್ಲಿರುವ ಮರಗಳನ್ನೂ ನಂಬುವುದಿಲ್ಲ. ಬೇಸ್‌ಮೆಂಟ್ ಪ್ಲಾನ್ ತೆಗೆದು ಅದರ ಗೋಡೆ ಸೈಟಿನ ಅಂಚಿನವರೆಗೂ ಬಂದಿದೆಯೇ ನೋಡಿ. ಬಂದಿದ್ದರೆ ಮರ ನಿಲ್ಲಬೇಕಾದದ್ದು ಸ್ಲ್ಯಾಬಿನ ಮೇಲೆ. ಅಲ್ಲಿ 1 ರಿಂದ 1.2 ಮೀಟರ್ ಮಣ್ಣಿಗೆ ಜಾಗ ಬಿಟ್ಟಿದ್ದರೆ ಸರಿ, ಸೆಕ್ಷನ್ನಿನಲ್ಲಿ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿ ತೋರಿಸುವ ಡ್ರಾಯಿಂಗ್) 40 ಸೆಂ.ಮೀ. ಮಾತ್ರ ಕಂಡರೆ ಚಿತ್ರದ ಮರ ಕುಂಡದ ಗಿಡವಾಗಿಯೇ ಉಳಿಯುತ್ತದೆ.

ಎತ್ತರದ ಜಗಳದಲ್ಲಿ ಎಫ್ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ನೆಲ ಕಟ್ಟಬಹುದು ಎಂಬ ಅನುಪಾತ) ಮತ್ತು ಎತ್ತರ ಎರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. 40 ಮೀಟರ್ ಅಗಲ, 50 ಮೀಟರ್ ಉದ್ದದ ಸೈಟು 2000 ಚದರ ಮೀಟರ್. ಎಫ್ಎಆರ್ 4 ಎಂದರೆ ಕಟ್ಟಬಹುದಾದದ್ದು 8000 ಚದರ ಮೀಟರ್. ಅರ್ಧ ಸೈಟು ತುಂಬಿಸಿದರೆ 8 ಮಹಡಿ, ಕಾಲು ಭಾಗ ತುಂಬಿಸಿದರೆ 16. ಜನಸಂಖ್ಯೆ, ವಾಹನ, ನೀರಿನ ಬೇಡಿಕೆ ಎರಡರಲ್ಲೂ ಒಂದೇ. ಇನ್ನು ಬಹಳಷ್ಟು ನಗರಗಳ ನಿಯಮದಲ್ಲಿ ಪಾರ್ಕಿಂಗ್ ಮಹಡಿಗಳು ಎಫ್ಎಆರ್ ಲೆಕ್ಕಕ್ಕೆ ಬರುವುದೇ ಇಲ್ಲ. ನೆಲದ ಮೇಲೆ 3 ಪಾರ್ಕಿಂಗ್ ಮಹಡಿ ಪೇರಿಸಿದರೆ ಕಾಗದದ ಮೇಲೆ ಸೊನ್ನೆ, ಬೀದಿಯ ಮೇಲೆ ಸುಮಾರು 10 ಮೀಟರ್ ಕುರುಡು ಗೋಡೆ. ಎತ್ತರಕ್ಕಿಂತ ನನಗೆ ಹೆಚ್ಚು ತಕರಾರು ಇರುವುದು ಈ 10 ಮೀಟರಿನ ಮೇಲೆ.

ನಿಜವಾದ ಕೆಲಸ ನೆಲಮಹಡಿಯ ಪ್ಲಾನಿನಲ್ಲಿ. ಒಂದು ಹೈಲೈಟರ್ ಹಿಡಿದು ಬೀದಿಗೆ ತಾಗಿದ ಗೆರೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗುತ್ತೇನೆ. 60 ಮೀಟರ್ ಮುಂಭಾಗ ಎಂದುಕೊಳ್ಳಿ. ಪಾರ್ಕಿಂಗ್‌ನ ಎರಡು ದಾರಿಯ ರ್ಯಾಂಪಿನ ಬಾಯಿ 6.5 ಮೀಟರ್. ಕಸದ ಲಾರಿ, ಸಾಮಾನಿನ ಗಾಡಿ ಬರುವ ಬಾಗಿಲು 4.5. ಟ್ರಾನ್ಸ್‌ಫಾರ್ಮರ್ ಕೋಣೆ 7. ಅಗ್ನಿಶಾಮಕ ನಿಯಂತ್ರಣ ಕೋಣೆ 4. ಎರಡು ಮೆಟ್ಟಿಲುಗಳ ಹೊರಬಾಗಿಲು ಸೇರಿ 4. ಮೇಲಿನ ಆಫೀಸಿನವರ ಲಾಬಿ 10. ಕೂಡಿದರೆ 36. ಅಂಗಡಿಗೆ ಉಳಿದದ್ದು 24 ಮೀಟರ್, ಅದನ್ನೂ ಒಂದೇ ಶೋರೂಮ್ ಹಿಡಿದರೆ ಬಾಗಿಲು ಒಂದೇ. ಎಲಿವೇಶನ್, ಅಂದರೆ ಹೊರಮುಖದ ಡ್ರಾಯಿಂಗ್, ಎಷ್ಟೇ ಚೆಂದವಿದ್ದರೂ ಆ ಬದಿ ಸತ್ತ ಹಾಗೆ. ಡೆನ್ಮಾರ್ಕಿನ ನಗರ ವಿನ್ಯಾಸಕ ಯಾನ್ ಗೆಲ್ ಜೀವಂತ ಬೀದಿಗೆ 100 ಮೀಟರಿಗೆ 15 ರಿಂದ 20 ಬಾಗಿಲು ಎಂಬ ಅಳತೆಗೋಲು ಕೊಟ್ಟರು. ಆ ಲೆಕ್ಕಕ್ಕೆ 60 ಮೀಟರಿನಲ್ಲಿ 9 ರಿಂದ 12 ಬಾಗಿಲು ಬೇಕು.

ಇದನ್ನು ಸರಿಪಡಿಸಲು ಮಹಡಿ ಕಡಿಮೆ ಮಾಡಬೇಕಾಗಿಲ್ಲ. ಲಾಬಿ ಬೀದಿಯ ಕಡೆ 4 ಮೀಟರ್ ಸಾಕು, ಒಳಗೆ ಹೋದಮೇಲೆ ಬೇಕಾದಷ್ಟು ಅಗಲವಾಗಲಿ. 6 ಮೀಟರ್ ಉಳಿಯಿತು. ಸಾಮಾನಿನ ಬಾಗಿಲನ್ನು ರ್ಯಾಂಪಿನ ಬಾಯಿಗೇ ಸೇರಿಸಿದರೆ 4.5. ಟ್ರಾನ್ಸ್‌ಫಾರ್ಮರನ್ನು ಪಕ್ಕದ ಓಣಿಗೆ ತಿರುಗಿಸಿದರೆ 7. ಅಂಗಡಿಯ ಉದ್ದ 24ರಿಂದ 41.5 ಮೀಟರಿಗೆ ಏರುತ್ತದೆ. ಟ್ರಾನ್ಸ್‌ಫಾರ್ಮರನ್ನು ಬೇಸ್‌ಮೆಂಟಿಗೆ ಹಾಕಿ ಎಂದು ಮಾತ್ರ ಸುಮ್ಮನೆ ಬರೆಯಬೇಡಿ. ಅದನ್ನು ಬದಲಿಸಲು ಲಾರಿ ಹತ್ತಿರ ಬರಬೇಕು, ನೀರು ನುಗ್ಗಬಾರದು. ವಿದ್ಯುತ್ ಕಂಪನಿ ಒಪ್ಪದಿದ್ದರೆ ನಿಮ್ಮ ಉಳಿದ ಅಂಶಗಳೂ ಅದರ ಜೊತೆಗೇ ಹಗುರಾಗುತ್ತವೆ.

ಆಮೇಲೆ ಸೆಕ್ಷನ್. ಅಂಗಡಿಯ ನೆಲ ಫುಟ್‌ಪಾತಿಗಿಂತ ಎಷ್ಟು ಮೇಲಿದೆ? ಬೇಸ್‌ಮೆಂಟಿಗೆ ಗಾಳಿ ಕಿಂಡಿ ಬೇಕೆಂದು ನೆಲವನ್ನು 1.2 ಮೀಟರ್ ಎತ್ತುವ ಅಭ್ಯಾಸವೊಂದಿದೆ. 15 ಸೆಂ.ಮೀ.ಗೆ ಒಂದರಂತೆ 8 ಮೆಟ್ಟಿಲು. ನಡೆಯುವವನ ಕಣ್ಣಿಗೆ ಅಂಗಡಿ ಬದಲು ಜಾಲರಿ ಬೀಳುತ್ತದೆ, ಗಾಲಿಕುರ್ಚಿಯವರಿಗೆ ಅಂಗಡಿ ಮುಚ್ಚಿದಂತೆಯೇ. 1:12ರ ಇಳಿಜಾರು ಹಾಕುತ್ತೇವೆ ಅನ್ನುತ್ತಾರೆ. 1.2 ಮೀಟರಿಗೆ ಅದು 14.4 ಮೀಟರ್ ಉದ್ದ, ನಡುವೆ ನಿಲ್ಲುವ ಜಗಲಿ ಬೇರೆ. ಅಷ್ಟು ಜಾಗ ಇರುವ ಮುಂಭಾಗವನ್ನು ಹುಡುಕಬೇಕು. ಗಾಳಿ ಕಿಂಡಿಯನ್ನು ಹಿಂದಿನ ಅಂಗಳಕ್ಕೆ ತೆಗೆದು ಅಂಗಡಿಯ ನೆಲವನ್ನು ಫುಟ್‌ಪಾತಿನ ಮಟ್ಟಕ್ಕೆ ತನ್ನಿ, ಆ ನೆಲದಿಂದ ಮೇಲಿನ ಮಹಡಿಯ ನೆಲಕ್ಕೆ 4.5 ರಿಂದ 5 ಮೀಟರ್ ಇಡಿ ಎಂದು ಕೇಳುತ್ತೇನೆ. ಪಾರ್ಕಿಂಗ್ ರ್ಯಾಂಪ್ ಕೂಡ ಇಲ್ಲೇ ಸಿಕ್ಕಿಬೀಳುತ್ತದೆ. 1:8ರ ಇಳಿಜಾರಿನಲ್ಲಿ 3.3 ಮೀಟರ್ ಇಳಿಯಲು 26.4 ಮೀಟರ್ ಬೇಕು, ಮೇಲೆ ಕೆಳಗೆ ಕಾರಿನ ಹೊಟ್ಟೆ ತಾಗದ ಹಾಗೆ ಮೆಲ್ಲನೆ ತಿರುಗುವ ಭಾಗ ಸೇರಿಸಿದರೆ 30 ದಾಟುತ್ತದೆ. ಪ್ಲಾನಿನಲ್ಲಿ 20 ಮೀಟರ್ ತೋರಿಸಿದ್ದರೆ ಉಳಿದ ಇಳಿಜಾರು ಫುಟ್‌ಪಾತಿನ ಮೇಲೇ ಬರುತ್ತದೆ ಎಂದರ್ಥ. ಫುಟ್‌ಪಾತ್ ತನ್ನ ಮಟ್ಟದಲ್ಲೇ ಮುಂದುವರಿಯಲಿ, ಹತ್ತಿ ಇಳಿಯುವ ಕಷ್ಟ ಕಾರಿಗಿರಲಿ.

ನೆರಳಿನ ಲೆಕ್ಕ ಸುಲಭ. ಎತ್ತರವನ್ನು ದಿಗಂತದಿಂದ ಸೂರ್ಯನಿರುವ ಕೋನದ ಟ್ಯಾನ್‌ನಿಂದ (ತ್ರಿಕೋನಮಿತಿಯ ಟ್ಯಾಂಜೆಂಟ್) ಭಾಗಿಸಿ. 60 ಮೀಟರ್ ಕಟ್ಟಡಕ್ಕೆ ಸೂರ್ಯ 45 ಡಿಗ್ರಿಯಲ್ಲಿದ್ದಾಗ 60 ಮೀಟರ್, 30ರಲ್ಲಿ 104, 15ರಲ್ಲಿ 224. ಪ್ರಸ್ತಾವದಲ್ಲಿ ಮಾರ್ಚ್ ಅಥವಾ ಸೆಪ್ಟೆಂಬರಿನ ನಡುಹಗಲಿನ ಚಿತ್ರ ಒಂದೇ ಇದ್ದರೆ ಚಳಿಗಾಲದ ಅತಿ ಚಿಕ್ಕ ಹಗಲಿನ 9 ಮತ್ತು 3 ಗಂಟೆಯ ಚಿತ್ರ ಕೇಳಬೇಕು. ಸಪೂರ ಗೋಪುರದ ನೆರಳು ಉದ್ದವಿದ್ದರೂ ಬೇಗ ಸರಿದುಹೋಗುತ್ತದೆ, ಅಗಲ ಗೋಡೆಯಂಥ ಕಟ್ಟಡದ್ದು ಅಂಟಿಕೊಂಡು ಕೂರುತ್ತದೆ. ಬಿಸಿಲಿನ ಊರಾದರೆ ನೆರಳೇ ವರ, ಅಲ್ಲಿ ಈ ಆಕ್ಷೇಪಣೆಗೆ ಅರ್ಥವಿಲ್ಲ. ಹಳೇ ವಾದವೇ ಇದು: 1915ರಲ್ಲಿ ನ್ಯೂಯಾರ್ಕಿನಲ್ಲಿ ಇಕ್ವಿಟಬಲ್ ಕಟ್ಟಡ ಸೈಟಿನ ಸುಮಾರು 30 ಪಟ್ಟು ನೆಲ ಪೇರಿಸಿ ನೇರ ಎದ್ದು ನಿಂತಿತು. ಮರುವರ್ಷ ಬಂದ ವಲಯ ನಿಯಮದಿಂದಲೇ ಮೇಲೆ ಹೋದಂತೆ ಹಿಂದೆ ಸರಿಯುವ ಮೆಟ್ಟಿಲಾಕಾರದ ಗೋಪುರಗಳು ಬಂದವು.

ಗಾಳಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಲ್ಲರೂ ಮರೆಯುತ್ತಾರೆ. ಎತ್ತರದ ಮಟ್ಟಸ ಮುಖಕ್ಕೆ ಬಡಿದ ಗಾಳಿ ಕೆಳಗೆ ಧುಮುಕಿ ಮೂಲೆಯಲ್ಲಿ ವೇಗ ಪಡೆಯುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬ್ರಿಜ್‌ವಾಟರ್ ಪ್ಲೇಸ್ ಕಟ್ಟಡದ ಪಕ್ಕ 2011ರಲ್ಲಿ ಲಾರಿಯೊಂದು ಗಾಳಿಗೆ ಮಗುಚಿ ಪಾದಚಾರಿಯೊಬ್ಬರು ಸತ್ತರು. ಕಟ್ಟಿ ಮುಗಿದ ಮೇಲೆ ರಸ್ತೆಯ ಮೇಲೇ ಗಾಳಿ ತಡೆಯುವ ದೊಡ್ಡ ಹಲಗೆಗಳನ್ನು ನಿಲ್ಲಿಸಬೇಕಾಯಿತು. ಗೋಪುರ ನೇರವಾಗಿ ಫುಟ್‌ಪಾತಿಗೆ ಇಳಿಯುವ ಬದಲು 3 ಅಥವಾ 4 ಮಹಡಿಯ ಅಗಲ ಬುಡದ ಮೇಲೆ ಒಳಗೆ ಸರಿದು ನಿಂತರೆ ಧುಮುಕುವ ಗಾಳಿ ಆ ತಾರಸಿಯ ಮೇಲೇ ಒಡೆಯುತ್ತದೆ. ಗಾಳಿ ಪರೀಕ್ಷೆಯ ವರದಿಯಲ್ಲಿ ನಾನು ನೋಡುವುದು ಬಾಗಿಲು, ಬಸ್ ನಿಲ್ದಾಣ, ಕೂರುವ ಕಟ್ಟೆ ಈ ಮೂರರ ಬಳಿಯ ಅಂಕಿಗಳನ್ನು. ಇಡೀ ಸೈಟಿನ ಸರಾಸರಿ ಯಾರ ಉಪಯೋಗಕ್ಕೂ ಬಾರದು.

ಸಾರ್ವಜನಿಕ ಅಂಗಳ ಕೊಡುತ್ತೇವೆ, ಬದಲಿಗೆ ಹೆಚ್ಚುವರಿ ಮಹಡಿ ಕೊಡಿ ಎಂಬ ವ್ಯಾಪಾರ ಬಂದರೆ ಕೂರುವ ಅಂಚಿನ ಉದ್ದ ಕೇಳಿ. 1961ರಿಂದ ನ್ಯೂಯಾರ್ಕ್ ಈ ವ್ಯಾಪಾರ ಮಾಡಿ ಕೈಗೆ ಬಂದದ್ದು ಬಹುಪಾಲು ಖಾಲಿ ಬಯಲು. ಆ ಅಂಗಳಗಳನ್ನು ಅಧ್ಯಯನ ಮಾಡಿದ ವಿಲಿಯಂ ವೈಟ್ ಕ್ಯಾಮೆರಾ ಇಟ್ಟು ನೋಡಿ ಹೇಳಿದ್ದು ಸರಳ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ನ್ಯೂಯಾರ್ಕಿನ ನಿಯಮಕ್ಕೆ ಬಂದ 1975ರ ತಿದ್ದುಪಡಿ 30 ಚದರ ಅಡಿ ಅಂಗಳಕ್ಕೆ 1 ಅಡಿ ಉದ್ದದ ಆಸನ ಕಡ್ಡಾಯ ಮಾಡಿತು. ಅಂಗಳಕ್ಕೆ ಬೇಲಿ, ಗೇಟು ಇರಬಾರದು ಎಂಬುದನ್ನು ಅನುಮತಿಯ ಷರತ್ತಿನಲ್ಲೇ ಬರೆಸಬೇಕು, ಭರವಸೆಯ ಪತ್ರ ಸಾಲದು.

ಕಳಿಸುವ ಪತ್ರ ಒಂದೇ ಪುಟ, ಹೆಚ್ಚೆಂದರೆ ನಾಲ್ಕು ಅಂಶ. "ನೆಲಮಹಡಿ ಪ್ಲಾನ್, ಗ್ರಿಡ್ 3 ರಿಂದ 5: ಲಾಬಿಯ ಮುಖ 10 ಮೀಟರ್ ಇದೆ, 4ಕ್ಕೆ ಇಳಿಸಿ ಉಳಿದ 6ರಲ್ಲಿ ಎರಡು ಅಂಗಡಿ ಕೊಡಿ" ಎಂಬಷ್ಟು ನಿಖರವಾಗಿರಲಿ (ಗ್ರಿಡ್ ಎಂದರೆ ಪ್ಲಾನಿನಲ್ಲಿ ಪಿಲ್ಲರ್‌ಗಳ ಜಾಗ ಗುರುತಿಸುವ ನಂಬರ್ ಹಾಕಿದ ಗೆರೆಗಳು). ಪಿಲ್ಲರ್ ಗ್ರಿಡ್, ಲಿಫ್ಟ್ ಮತ್ತು ಮೆಟ್ಟಿಲಿನ ಜಾಗ ನಿಗದಿಯಾಗುವ ಮೊದಲೇ ಅದು ತಲುಪಬೇಕು. ಆಮೇಲೆ ಹೋದರೆ ಬಣ್ಣದ ವಿಷಯ ಬಿಟ್ಟು ಬೇರೇನೂ ಅಲುಗುವುದಿಲ್ಲ. ಗಾಜಿಗೂ ಅಳತೆ ಬರೆಯಿರಿ: ನೆಲದಿಂದ 0.6 ರಿಂದ 2.4 ಮೀಟರ್ ವರೆಗಿನ ಭಾಗದಲ್ಲಿ 60% ಒಳಗೆ ಕಾಣುವಂತಿರಬೇಕು, ಸ್ಟಿಕ್ಕರ್ ಅಂಟಿಸಬಾರದು. ಈ ಸಾಲು ಬಿಟ್ಟರೆ ಪಾರದರ್ಶಕ ಅಂಗಡಿ ಮುಖಕ್ಕೆ ಆರೇ ತಿಂಗಳಲ್ಲಿ ಜಾಹೀರಾತಿನ ಹಾಳೆ ಬೀಳುತ್ತದೆ.

ಕೊನೆಯದಾಗಿ ಹೊರಗೋಡೆ. ಯಾವ ಶೈಲಿ ಎನ್ನುವುದಕ್ಕಿಂತ ಮಳೆನೀರು ಎಲ್ಲಿ ಬೀಳುತ್ತದೆ ಎನ್ನುವುದು ಕಟ್ಟಡದ ಮುಖವನ್ನು ತೀರ್ಮಾನಿಸುತ್ತದೆ. ಕಿಟಕಿಯ ಕೆಳಗಿನ ಕಲ್ಲಿನ ಪಟ್ಟಿ ಗೋಡೆಯಿಂದ 4 ರಿಂದ 5 ಸೆಂ.ಮೀ. ಹೊರಗೆ ಚಾಚಬೇಕು, ಅದರ ಅಡಿಯಲ್ಲಿ ಅಂಚಿಗೆ ಸಮಾನಾಂತರವಾಗಿ 1 ಸೆಂ.ಮೀ. ಅಗಲದ ಗೀರು ಇರಬೇಕು. ನೀರು ಪಟ್ಟಿಯ ತಳಕ್ಕೆ ಅಂಟಿಕೊಂಡು ಒಳಗೆ ಹರಿಯುತ್ತಾ ಆ ಗೀರಿಗೆ ಬಂದಾಗ ಹಿಡಿತ ತಪ್ಪಿ ತೊಟ್ಟಿಕ್ಕುತ್ತದೆ. ಗೀರಿಲ್ಲದಿದ್ದರೆ ಗೋಡೆಯ ಮೇಲೇ ಇಳಿದು, ಪ್ರತಿ ಕಿಟಕಿಯ ಎರಡು ಮೂಲೆಯಿಂದ ಮೀಸೆಯ ಹಾಗೆ ಕಪ್ಪು ಕಲೆ ಮೂಡುತ್ತದೆ. ಇದನ್ನು ಡ್ರಾಯಿಂಗಿನಲ್ಲಿ ನೋಡಿದರೆ ಸಾಲದು. ಸೈಟಿನಲ್ಲಿ ಒಂದು ಕಿಟಕಿಯಷ್ಟು ಮಾದರಿ ಗೋಡೆ ಕಟ್ಟಿಸಿ, ಮೇಲಿನಿಂದ ಒಂದು ಬಕೆಟ್ ನೀರು ಮೆಲ್ಲಗೆ ಸುರಿಯಬೇಕು. ನೀರು ಅಂಚಿನಿಂದ ಕೆಳಗೆ ಬಿದ್ದು ಗೋಡೆ ಒಣಗಿಯೇ ಇದ್ದರೆ ಉಳಿದ ಕಿಟಕಿಗಳಿಗೆ ಕಲ್ಲು ಕತ್ತರಿಸಲು ಹೇಳಬಹುದು.