ಹೊರಗೆ ಕಾಲಿಡಲು ಭಯವೇ? ಒಂದೊಂದೇ ಮೆಟ್ಟಿಲು ಇಳಿಯುವುದು ಹೀಗೆ

ತುಂಬಿದ ಬಸ್ಸು ಸಿಗ್ನಲ್‌ನಲ್ಲಿ ನಿಂತಿದೆ. ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಬೆವರು, ತಲೆಸುತ್ತು. ‘ಇಲ್ಲೇ ಬಿದ್ದುಬಿಟ್ಟರೆ?’ ಅಂತ ಗಾಬರಿ. ಮುಂದಿನ ಸ್ಟಾಪ್‌ನಲ್ಲಿ ಇಳಿದ ತಕ್ಷಣ ಜೀವಕ್ಕೆ ಹಾಯೆನಿಸುತ್ತದೆ. ತೊಂದರೆ ಬೇರೂರುವುದು ಆ ಹಾಯಿಯಲ್ಲೇ. ‘ಇಳಿದಿದ್ದಕ್ಕೇ ಬದುಕಿದೆ’ ಎಂದು ಮನಸ್ಸು ಕಲಿತುಬಿಡುತ್ತದೆ. ಆಮೇಲೆ ಬಸ್ಸು ಬೇಡ, ಸಂತೆ ಬೇಡ, ಮದುವೆ ಮನೆಯೂ ಬೇಡ.

ಬಸ್ಸು-ರೈಲು, ಬಯಲು ಜಾಗ, ಮುಚ್ಚಿದ ಜಾಗ, ಕ್ಯೂ ಅಥವಾ ಜನಜಂಗುಳಿ, ಒಬ್ಬರೇ ಹೊರಗೆ ಹೋಗುವುದು. ಈ ಐದರಲ್ಲಿ ಎರಡಾದರೂ ಭಯ ಹುಟ್ಟಿಸಿ, ಆರು ತಿಂಗಳು ಕಳೆದರೂ ಬಿಡದೆ, ದಿನದ ಬದುಕಿಗೆ ಅಡ್ಡ ಬರುತ್ತಿದ್ದರೆ ಅದು ಅಗೋರಫೋಬಿಯಾ ಇರಬಹುದು. ಬರ್ಲಿನ್‌ನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ 1871ರಲ್ಲೇ ಇದಕ್ಕೆ ಈ ಹೆಸರು ಕೊಟ್ಟಿದ್ದರು. ಸೋಮಾರಿತನ, ನಾಟಕ ಅನ್ನುವವರು ಇದನ್ನು ಗಮನಿಸಲಿ.

ಮೊದಲು ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್, ಹೃದಯದ ತೊಂದರೆಯಿಂದಲೂ ಎದೆ ಹೀಗೇ ಹೊಡೆದುಕೊಳ್ಳಬಹುದು. ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಭಯವಾದಾಗಲೆಲ್ಲ ಇಸಿಜಿ ಮಾಡಿಸುವುದು ಬೇಡ.

ಆಮೇಲೆ ಒಂದು ಪಟ್ಟಿ ಮಾಡಿ. ಕಷ್ಟವೆನಿಸುವ ಜಾಗಗಳನ್ನು ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಭಯದ ಅಂಕ ಕೊಡಿ. ಗೇಟಿನ ಹೊರಗೆ ನಿಲ್ಲುವುದು 20, ಬೀದಿ ಕೊನೆಯ ಅಂಗಡಿ 40, ಬಸ್ಸಲ್ಲಿ ಒಂದು ಸ್ಟಾಪ್ 60, ಮೆಜೆಸ್ಟಿಕ್‌ನ ಸಂಜೆ ರಶ್ 95, ಹೀಗೆ. ಕೆಳಗಿನಿಂದ ಶುರು ಮಾಡಿ. ನೇರ ಮೆಜೆಸ್ಟಿಕ್‌ಗೆ ಎಳೆದುಕೊಂಡು ಹೋಗುವ ಉತ್ಸಾಹಿ ಭಾವಂದಿರನ್ನು ದೂರ ಇಡಿ!

ಹೊರಡುವ ಮುನ್ನ ಏನಾಗಬಹುದೆಂಬ ಹೆದರಿಕೆ ಇದೆಯೋ ಅದನ್ನು ಬರೆಯಿರಿ: ‘ಐದು ನಿಮಿಷದಲ್ಲಿ ಬಿದ್ದುಹೋಗುತ್ತೇನೆ’. ಅಲ್ಲಿ ನಿಂತುಕೊಳ್ಳಿ. ಗಾಬರಿ ಏರುತ್ತದೆ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಅದು ತುದಿಯಲ್ಲಿರುವಾಗ ಓಡಿಬಂದರೆ ಹಳೇ ಪಾಠವೇ ಗಟ್ಟಿಯಾಗುತ್ತದೆ. ಮನೆಗೆ ಬಂದು ಚೀಟಿ ನೋಡಿ. ಬಿದ್ದಿರಾ? ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಅಂಕ ಇಳಿದ ಮೇಲೆ ಮುಂದಿನದು. ಒಂದು ದಿನ ಆಗಲಿಲ್ಲವೆಂದರೆ ಒಂದು ಹಂತ ಕೆಳಗಿಳಿದು ಮಾಡಿ.

ಜೇಬಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಪಕ್ಕದಲ್ಲಿ ಅಕ್ಕ. ಶುರುವಿನಲ್ಲಿ ಇವೆಲ್ಲ ಇರಲಿ, ಆದರೆ ನಿಧಾನಕ್ಕೆ ಬಿಡಬೇಕು. ಇಲ್ಲದಿದ್ದರೆ ಉಳಿಸಿದ್ದು ಬಾಟಲಿ ಅಂತಲೇ ಅನಿಸುತ್ತದೆ, ಅಲ್ವಾ? ಮನೆಯವರೂ ಅಷ್ಟೆ. ಪ್ರೀತಿಯಿಂದ ಹೊರಗಿನ ಕೆಲಸವೆಲ್ಲ ತಾವೇ ಮಾಡಿಕೊಟ್ಟರೆ ಭಯಕ್ಕೆ ಊಟ ಹಾಕಿದಂತೆ.

ಇದೇ ಕ್ರಮವನ್ನು ತರಬೇತಾದ ಆಪ್ತಚಿಕಿತ್ಸಕರ ಜೊತೆ ಮಾಡಿದರೆ ಒಳ್ಳೆಯದು. ಇದು ಸಿಬಿಟಿಯ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ನಿಧಾನಕ್ಕೆ ಬದಲಿಸುವ ಮಾತಿನ ಚಿಕಿತ್ಸೆಯ, ಮುಖ್ಯ ಭಾಗ. ಬೇಕಾದರೆ ಮನೋವೈದ್ಯರು ಸರ್ಟ್ರಾಲಿನ್‌ನಂಥ ಔಷಧಿಯನ್ನೂ ಕೊಡುತ್ತಾರೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ. ತಕ್ಷಣ ನೆಮ್ಮದಿ ಕೊಡುವ ಅಲ್‌ಪ್ರಜೋಲಮ್‌ನಂಥ ಮಾತ್ರೆ ಚಟವಾಗಬಹುದು. ಪಕ್ಕದ ಮನೆಯವರ ಚೀಟಿ ನೋಡಿ ತರುವಂಥದ್ದಲ್ಲ ಅದು.

ಆಸ್ಪತ್ರೆಗೆ ಹೋಗಲೂ ಭಯ ಎನ್ನುವವರು ಫೋನಿನಿಂದಲೇ ಶುರು ಮಾಡಬಹುದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು.